ಓದು ಬಾರದ ಮಗುವಿಗೆ ಶಾಲೆಯ ಒಂದು ಗಂಟೆ



ನಾಲ್ಕನೆಯ ಅಥವಾ ಐದನೆಯ ತರಗತಿಯಲ್ಲಿದ್ದು, ಎರಡನೆಯ ತರಗತಿಯ ಪಾಠದ ಹತ್ತು ಸಾಲನ್ನು ತಾನಾಗಿ ಓದಲಾರದ ಮಗುವನ್ನು ಕುರಿತದ್ದು ಈ ಉಪನ್ಯಾಸ. ಆ ಮಗು ಶಾಲೆ ಬಿಟ್ಟದ್ದಲ್ಲ. ಹಾಜರಿ ಪುಸ್ತಕದಲ್ಲಿ ಅದರ ಹೆಸರಿದೆ, ಮೈಮೇಲೆ ಸಮವಸ್ತ್ರವಿದೆ, ಬಿಸಿಯೂಟದ ಸಾಲಿನಲ್ಲಿ ಎಲ್ಲರೊಡನೆ ಕೂರುತ್ತದೆ. ಮಾತು ಚುರುಕು, ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ಎಣಿಸಿ ತರುತ್ತದೆ. ಪುಸ್ತಕ ಬಿಚ್ಚಿದಾಗ ಮಾತ್ರ ಬಾಯಿ ಕಟ್ಟುತ್ತದೆ. ಇಂಥ ಮಕ್ಕಳಿಗೆ ಓದು ಕಲಿಸಲು ನಮ್ಮಲ್ಲೂ ಹೊರದೇಶಗಳಲ್ಲೂ ನಡೆದ ಪ್ರಯತ್ನಗಳಿಂದ ಏನು ತಿಳಿದುಬಂದಿದೆ, ಅದರಲ್ಲಿ ಕನ್ನಡ ಶಾಲೆಗೆ ಒಗ್ಗುವುದು ಯಾವುದು ಎಂದು ಪರಿಶೀಲಿಸುವುದು ನನ್ನ ಉದ್ದೇಶ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪರಿಹಾರ ಬೋಧನೆಯನ್ನು ಹೇಗೆ ಮಾಡಬೇಕೆಂಬುದು ಬಹುಮಟ್ಟಿಗೆ ಗೊತ್ತಾಗಿದೆ. ಗೊತ್ತಾಗಿರುವುದಕ್ಕೆ ಶಾಲೆಯ ವೇಳಾಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ.

ಇಂಥ ಮಕ್ಕಳು ವಿರಳವಲ್ಲ. ಗ್ರಾಮೀಣ ಭಾರತದಲ್ಲಿ ಮನೆಮನೆಗೆ ಹೋಗಿ ಮಕ್ಕಳ ಕೈಗೆ ಹಾಳೆ ಕೊಟ್ಟು ಓದಿಸಿ ನೋಡುವ ‘ಅಸರ್’ ಸಮೀಕ್ಷೆ 2005ರಲ್ಲಿ ಆರಂಭವಾಯಿತು. ಅದರ ಪ್ರಕಾರ, ಐದನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಮಟ್ಟದ ಕಥೆಯನ್ನು ಓದಬಲ್ಲವರು 2018ರಲ್ಲಿ ದೇಶದಲ್ಲಿ ಅರ್ಧದಷ್ಟು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರ ಪರಿಣಾಮವಾಗಿ 2022ರಲ್ಲಿ ಅದು ಶೇ. 42.8ಕ್ಕೆ ಇಳಿಯಿತು, 2024ರಲ್ಲಿ ಶೇ. 48.8ಕ್ಕೆ ಬಂತು. ಗ್ರಾಮೀಣ ಕರ್ನಾಟಕದ ಪ್ರಮಾಣ 2022ರಲ್ಲಿ ಮೂರರಲ್ಲೊಂದರ ಆಸುಪಾಸಿನಲ್ಲಿತ್ತು. ಕೋವಿಡ್ ನಷ್ಟವನ್ನು ತುಂಬಿಕೊಂಡೆವೆಂದು ಸಮಾಧಾನಪಡುವವರು ಒಂದನ್ನು ಗಮನಿಸಬೇಕು: ನಾವು ಮರಳಿ ಮುಟ್ಟಿದ್ದು ಅರ್ಧ ಮಕ್ಕಳಿಗೆ ಓದು ಬಾರದ ಆ ಹಳೆಯ ಸ್ಥಿತಿಯನ್ನೇ. ಇವರಲ್ಲಿ ಕಲಿಕೆಯ ನ್ಯೂನತೆಯುಳ್ಳ ಮಕ್ಕಳೂ ಇದ್ದಾರೆ, ಅವರಿಗೆ ತಜ್ಞರ ನೆರವು ಬೇಕು. ಆದರೆ ಅರ್ಧ ತರಗತಿಗೆ ನ್ಯೂನತೆ ಇರುವುದು ಸಾಧ್ಯವಿಲ್ಲ. ಉಳಿದವರ ವಿಷಯದಲ್ಲಿ ಕೊರತೆ ಇರುವುದು ಕಲಿಸುವ ವ್ಯವಸ್ಥೆಯಲ್ಲಿ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಈ ವಿಷಯದಲ್ಲಿ ಮೌನವಾಗಿಲ್ಲ. ಅದರ 24ನೆಯ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ನಿಗದಿತ ಕಾಲದಲ್ಲಿ ಇಡೀ ಪಠ್ಯಕ್ರಮವನ್ನು ಮುಗಿಸಬೇಕೆಂಬುದು ಅವುಗಳಲ್ಲಿ ಒಂದು. ಅದರ ಬೆನ್ನಿಗೇ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ಕೊಡಬೇಕೆಂಬುದು ಇನ್ನೊಂದು. ಒಂದೇ ಕಲಂನಲ್ಲಿ ಅಕ್ಕಪಕ್ಕ ಕುಳಿತ ಈ ಎರಡು ಕರ್ತವ್ಯಗಳಲ್ಲಿ ಮೊದಲನೆಯದನ್ನು ಇಲಾಖೆ ತಪಾಸಣೆ ಮಾಡುತ್ತದೆ: ಪಾಠಯೋಜನೆ ನೋಡುತ್ತದೆ, ಯಾವ ತಿಂಗಳಿಗೆ ಯಾವ ಪಾಠ ಮುಗಿಯಿತೆಂದು ಕೇಳುತ್ತದೆ. ಎರಡನೆಯದರ ಲೆಕ್ಕವನ್ನು ಅಷ್ಟೇ ಬಿಗಿಯಾಗಿ ಕೇಳುವ ಪದ್ಧತಿ ಬೆಳೆಯಲಿಲ್ಲ. ಕೇಳದೆ ಇದ್ದದ್ದು ನಡೆಯದೆ ಉಳಿಯುತ್ತದೆ. ಶಿಕ್ಷಕರನ್ನು ದೂರುವ ಮೊದಲು ಇದನ್ನು ನೆನೆಯುವುದು ನ್ಯಾಯ.

ಕನ್ನಡದ ಮಗು ಓದು ಕಲಿಯುವಾಗ ನಿಜವಾಗಿ ಏನನ್ನು ಕಲಿಯುತ್ತದೆ? ಪರಿಹಾರ ಬೋಧನೆಯ ಚರ್ಚೆ ಬಹುಪಾಲು ಇಂಗ್ಲಿಷ್ ಕಲಿಕೆಯ ಅನುಭವದ ಮೇಲೆ ನಿಂತಿರುವುದರಿಂದ ಈ ಪ್ರಶ್ನೆಯನ್ನು ಸಾವಧಾನವಾಗಿ ನೋಡಬೇಕಾಗಿದೆ.

ವರ್ಣಮಾಲೆಯಲ್ಲಿ 49 ಅಕ್ಷರಗಳು. ಆದರೆ ಪುಟದ ಮೇಲೆ ಮಗು ಎದುರಿಸುವುದು 49 ಆಕಾರಗಳನ್ನಲ್ಲ. 34 ವ್ಯಂಜನಗಳೂ ಕಾಗುಣಿತದ ಬಳ್ಳಿಯಲ್ಲಿ ಹಬ್ಬಿದಾಗ 400ಕ್ಕೂ ಮಿಕ್ಕಿದ ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ. ಬಹುಪಾಲು ವ್ಯಂಜನಗಳ ಒತ್ತು ತಲೆಕಟ್ಟು ಬಿಟ್ಟ ಮೂಲರೂಪವೇ ಆಗಿರುವುದರಿಂದ ಗುರುತು ಹಿಡಿಯಬಹುದು. ತ, ನ, ಮ, ಯ, ರ, ಲ ಎಂಬ ಆರರ ಒತ್ತು ಮೂಲಾಕ್ಷರವನ್ನು ಹೋಲುವುದೇ ಇಲ್ಲ. ಅಮ್ಮ, ಅಣ್ಣ, ಅಕ್ಕ ಎಂಬ ಮೂರು ಮನೆಮಾತುಗಳಲ್ಲಿ ‘ಅಕ್ಕ’, ‘ಅಣ್ಣ’ ಸುಲಭ, ‘ಅಮ್ಮ’ ಕಷ್ಟ. ದುರದೃಷ್ಟಕ್ಕೆ ಈ ಆರೇ ಕನ್ನಡದಲ್ಲಿ ಅತಿ ಹೆಚ್ಚು ಬಳಕೆಯ ಒತ್ತುಗಳು: ಇಲ್ಲ, ನನ್ನ, ಹತ್ತು, ನಮ್ಮ, ಅಯ್ಯ. ಇವನ್ನು ಕಲಿಯದೆ ಯಾವ ಕಥೆಯ ಒಂದು ಸಾಲೂ ದಾಟಲಾಗದು. ಇನ್ನು ಅರ್ಕಾವತ್ತು. ‘ಸೂರ್ಯ’ ಎಂದು ಓದುವಾಗ ಬಾಯಿ ಮೊದಲು ಹೇಳುವ ರಕಾರವನ್ನು ಕಣ್ಣು ಕೊನೆಗೆ ಕಾಣುತ್ತದೆ. ಕಣ್ಣು ಮುಂದೆ ಹೋಗಿ ಹಿಂದಕ್ಕೆ ಬರಬೇಕು. ರಾಜ್ಯದ ಹೆಸರಾದ ‘ಕರ್ನಾಟಕ’ದಲ್ಲೇ ಈ ತೊಡಕಿದೆ. ವಯಸ್ಕರಾದ ನಮಗೆ ಇದು ತೊಡಕೆಂದು ಅನಿಸುವುದೂ ಇಲ್ಲ. ಮರೆತ ಕಷ್ಟವನ್ನು ಕಲಿಸುವವರು ಮತ್ತೆ ನೆನಪಿಗೆ ತಂದುಕೊಳ್ಳಬೇಕು.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಮಾಧ್ಯಮದ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ನಿರ್ಣಯಗಳು ಇಲ್ಲಿ ಮುಖ್ಯ. ಅಕ್ಷರಗಳ ಪೂರ್ಣ ಪರಿಚಯಕ್ಕೆ ಕನ್ನಡದ ಮಗು ಇಂಗ್ಲಿಷಿನಂಥ ಭಾಷೆಗಳ ಮಗುವಿಗಿಂತ ಬಹಳ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಆ ಕಲಿಕೆ ಮೂರು-ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಮಾತನ್ನು ಉಚ್ಚಾರದ ತುಂಡುಗಳಾಗಿ ಒಡೆಯುವುದು ಮಕ್ಕಳಿಗೆ ಬೇಗ ಬರುತ್ತದೆ, ಆ ತುಂಡಿನೊಳಗಿನ ಸ್ವರ-ವ್ಯಂಜನಗಳನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳುವುದು ನಿಧಾನವಾಗಿ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲೂ ಕನ್ನಡ ಓದಿನ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆದಿದೆ.

ನಾಗ್ ಅವರ ನಿರ್ಣಯವನ್ನು ತರಗತಿಗೆ ತಂದುಕೊಂಡರೆ ಒಂದು ವಿಷಯ ತಟ್ಟನೆ ಸ್ಪಷ್ಟವಾಗುತ್ತದೆ. ‘ಕಿ’ ಎಂಬುದನ್ನು ಒಡೆಯಲಾರದ ಒಂದು ಚಿತ್ರವೆಂದು ಕಾಣುವ ಮಗು ನಾನೂರು ಚಿತ್ರಗಳನ್ನು ನೆನಪಿಟ್ಟುಕೊಳ್ಳಬೇಕು. ಅದೇ ‘ಕಿ’ಯಲ್ಲಿ ‘ಕ’ದ ಮೈಯನ್ನೂ ‘ಇ’ಯ ಗುಡಿಸನ್ನೂ ಬೇರೆಯಾಗಿ ಕಂಡ ಮಗು ಮೂವತ್ತನಾಲ್ಕು ವ್ಯಂಜನ, ಹನ್ನೆರಡು ಚಿಹ್ನೆ ಕಲಿತರೆ ಸಾಕು, ಉಳಿದದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ. ಹಿಂದೆ ಬಿದ್ದ ಎಷ್ಟೋ ಮಕ್ಕಳು ಸಿಕ್ಕಿಕೊಂಡಿರುವುದು ಈ ದಾಟಿನಲ್ಲಿ. ಅವರಿಗೆ ಮೂಲಾಕ್ಷರ ಬರುತ್ತದೆ, ‘ಕ ಕಾ ಕಿ ಕೀ’ ಎಂದು ಬಳ್ಳಿಯನ್ನು ರಾಗವಾಗಿ ಹೇಳಲೂ ಬರುತ್ತದೆ. ಬಳ್ಳಿಯ ನಡುವಿನಿಂದ ‘ಕೊ’ ಒಂದನ್ನೇ ಕಿತ್ತು ತೋರಿಸಿದರೆ ಬರುವುದಿಲ್ಲ. ಇವರಿಗೆ ವರ್ಣಮಾಲೆಯನ್ನು ಮತ್ತೆ ಅ-ಆ-ಇ-ಈಯಿಂದ ಬರೆಸುವುದು ವ್ಯರ್ಥ. ‘ಗಿಳಿ’ಯ ‘ಗಿ’ಯನ್ನು ‘ಮಿ’ ಮಾಡು, ‘ಮಿ’ಯನ್ನು ‘ಮೊ’ ಮಾಡು ಎಂದು ಆಡಿಸುವುದರಲ್ಲಿ ಕಲಿಕೆ ಇದೆ.

ನಮ್ಮ ಲಿಪಿಯಲ್ಲಿ ಕಲಿಯಬೇಕಾದದ್ದು ಹೆಚ್ಚು. ಕಲಿತ ಮೇಲೆ ಮೋಸವಿಲ್ಲ. ಬರೆದಂತೆಯೇ ಓದು. ಅಂದಮೇಲೆ ಕನ್ನಡಕ್ಕೆ ಬೇಕಾದದ್ದು ದೀರ್ಘವಾದ, ಅವಸರವಿಲ್ಲದ ಕಲಿಕೆಯ ಕಾಲ. ನಾವು ಮಾಡಿರುವುದು ಇದರ ವಿರುದ್ಧ. ಪಠ್ಯಪುಸ್ತಕಗಳು ಮೂರನೆಯ ತರಗತಿಯ ಹೊತ್ತಿಗೆ ಓದು ಬಂದಿದೆ ಎಂದು ಭಾವಿಸಿಕೊಂಡು ಮುಂದಕ್ಕೆ ನಡೆಯುತ್ತವೆ. 2021ರಲ್ಲಿ ಆರಂಭವಾದ ‘ನಿಪುಣ್ ಭಾರತ್’ ಯೋಜನೆ 2026-27ರೊಳಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಓದಬೇಕೆಂಬ ಗುರಿ ಇಟ್ಟಿದೆ, ಗುರಿ ಒಳ್ಳೆಯದು. ಆ ಗುರಿಯನ್ನು ಮುಟ್ಟದೆ ನಾಲ್ಕಕ್ಕೆ ಹೋದ ಮಗುವಿನ ಹೊಣೆ ಯಾರದೆಂದು ಮಾತ್ರ ನಾವು ಇನ್ನೂ ತೀರ್ಮಾನಿಸಿಲ್ಲ.

ಮಗು ಎಲ್ಲಿ ನಿಂತಿದೆ ಎಂದು ಅರಿಯುವುದು ಪರಿಹಾರ ಬೋಧನೆಯ ಮೊದಲ ಕೆಲಸ. ಅದನ್ನು ಅರಿಯಲು ಇರುವ ಉಪಾಯ ಒಂದೇ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಓದನ್ನು ಕೇಳುವುದು. ಲಿಖಿತ ಪರೀಕ್ಷೆಯಿಂದ ಇದು ತಿಳಿಯುವುದಿಲ್ಲ. ಇಡೀ ತರಗತಿ ಒಕ್ಕೊರಲಿನಿಂದ ಓದುವಾಗಲೂ ತಿಳಿಯುವುದಿಲ್ಲ. ಒಂಟಿಯಾಗಿ ಎದ್ದು ನಿಂತು ಪಾಠ ಒಪ್ಪಿಸುವ ಮಗು ಕೂಡ ಎಷ್ಟೋ ಸಲ ಬಾಯಿಪಾಠ ಮಾಡಿರುತ್ತದೆ. ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನಲ್ಲಿ. ಅದೇ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿದಾಗ ನಿಜ ಗೊತ್ತಾಗುತ್ತದೆ. ಅಸರ್ ಸಮೀಕ್ಷೆ ಬಳಸುವ ಒಂದು ಹಾಳೆಯ ಸಾಧನ ಈ ದೃಷ್ಟಿಯಿಂದ ನಮ್ಮ ಕಾಲದ ದೊಡ್ಡ ಕೊಡುಗೆ: ಕೆಲವು ಅಕ್ಷರ, ಕೆಲವು ಸರಳ ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೆಯ ತರಗತಿಯ ಮಟ್ಟದ ಒಂದು ಚಿಕ್ಕ ಕಥೆ. ಕೆಲವೇ ನಿಮಿಷದಲ್ಲಿ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಅಕ್ಷರ ಬಲ್ಲ ಯಾರು ಬೇಕಾದರೂ ಹೇಳಬಹುದು.

ಕೇಳುವುದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರು ನ್ಯೂಜಿಲೆಂಡಿನ ಮೇರಿ ಕ್ಲೇ. 1970ರ ದಶಕದಲ್ಲಿ ಆಕ್ಲೆಂಡ್‌ನಲ್ಲಿ ಅವರು ರೂಪಿಸಿದ ‘ರೀಡಿಂಗ್ ರಿಕವರಿ’ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಒಬ್ಬ ಶಿಕ್ಷಕಿ ಒಂದು ಮಗುವಿನೊಡನೆ ದಿನಕ್ಕೆ ಅರ್ಧ ಗಂಟೆಯಂತೆ ಹನ್ನೆರಡರಿಂದ ಇಪ್ಪತ್ತು ವಾರ ಕೂರುತ್ತಿದ್ದರು. ಮಗು ಓದುವಾಗ ಪ್ರತಿ ಪದಕ್ಕೂ ಗುರುತು ಹಾಕುತ್ತಿದ್ದರು: ಸರಿ ಓದಿತೋ, ತಪ್ಪಿತೋ, ತಪ್ಪಿದ್ದನ್ನು ತಾನೇ ತಿದ್ದಿಕೊಂಡಿತೋ. ತಪ್ಪನ್ನು ಅಂಕ ಕಳೆಯಲು ಬಳಸದೆ ಮಗುವಿನ ಆಲೋಚನೆಯನ್ನು ಅರಿಯಲು ಬಳಸಿದ್ದು ಅವರ ಹಿರಿಮೆ. ಆ ಕಾರ್ಯಕ್ರಮ 1980ರ ದಶಕದಲ್ಲಿ ಅಮೆರಿಕಕ್ಕೂ ಮುಂದೆ ಬ್ರಿಟನ್ನಿಗೂ ಹಬ್ಬಿತು. ಅಷ್ಟೇ ಗಂಭೀರವಾದ ಟೀಕೆಯೂ ಬಂತು. ಪದ ತಿಳಿಯದಿದ್ದರೆ ಚಿತ್ರ ನೋಡಿ, ಸಂದರ್ಭ ನೋಡಿ ಊಹಿಸಲು ಕಲಿಸುತ್ತದೆ, ಅಕ್ಷರ-ಧ್ವನಿಯ ಸಂಬಂಧವನ್ನು ಗಟ್ಟಿಮಾಡುವುದಿಲ್ಲ ಎಂಬುದು ಆ ಟೀಕೆಯ ಸಾರ. 2022ರಲ್ಲಿ ಅಮೆರಿಕದಲ್ಲಿ ಹೊರಬಂದ ದೀರ್ಘಾವಧಿಯ ಅಧ್ಯಯನವೊಂದು, ಮೊದಲ ವರ್ಷದಲ್ಲಿ ಕಂಡ ಲಾಭ ಮೂರು-ನಾಲ್ಕನೆಯ ತರಗತಿಯ ಹೊತ್ತಿಗೆ ಉಳಿಯದೆ ತಿರುವುಮುರುವಾಗಿತ್ತೆಂದು ವರದಿ ಮಾಡಿತು. ಕ್ಲೇ ಅವರಿಂದ ನಾವು ಕೇಳುವ ಶಿಸ್ತನ್ನು ಪಡೆಯೋಣ, ಊಹೆಯ ಪಾಠವನ್ನು ಅಲ್ಲಿಯೇ ಬಿಡೋಣ ಎಂದು ನನ್ನ ಅಭಿಪ್ರಾಯ. ಬರೆದಂತೆ ಓದುವ ಲಿಪಿಯ ಮಗುವಿಗೆ ಊಹೆ ಕಲಿಸುವುದೆಂದರೆ, ಇರುವ ಸುಗಮ ದಾರಿಯಿಂದ ಅದನ್ನು ಆಚೆ ಎಳೆದಂತೆ.

ಕೇಳುವಾಗ ಯಾವುದನ್ನು ತಪ್ಪೆಂದು ಎಣಿಸಬಾರದು ಎಂಬ ವಿವೇಕವೂ ಬೇಕು. ‘ಹಾಲು’ ಎಂದಿರುವುದನ್ನು ‘ಆಲು’ ಎಂದು, ‘ಭೂಮಿ’ಯನ್ನು ‘ಬೂಮಿ’ ಎಂದು ಓದಿದ ಮಗು ಅಕ್ಷರವನ್ನು ಸರಿಯಾಗಿಯೇ ಗುರುತಿಸಿದೆ, ತನ್ನ ಮನೆಯ ಕನ್ನಡದಲ್ಲಿ ನುಡಿದಿದೆ. ಅಲ್ಲಿ ತಡೆದು ತಿದ್ದಿದರೆ ಮಗು ತನ್ನ ಮಾತೇ ತಪ್ಪೆಂದು ತಿಳಿದು ಮುಂದಿನ ಸಾಲಿಗೆ ಬಾಯಿ ತೆರೆಯುವುದಿಲ್ಲ. ತಾಂಡಾದಿಂದ ಬರುವ ಲಂಬಾಣಿ ಮಗು, ಕರಾವಳಿಯ ತುಳು, ಬ್ಯಾರಿ ಅಥವಾ ಕೊಂಕಣಿ ಮಗು, ಗಡಿಯ ಮರಾಠಿ, ತೆಲುಗು ಮಗು, ಉರ್ದು ಮನೆಯ ಮಗು ಅಕ್ಷರದ ಜೊತೆಗೆ ಭಾಷೆಯನ್ನೂ ಕಲಿಯುತ್ತಿರುತ್ತದೆ. ಅದಕ್ಕೆ ಓದಿಸುವುದಕ್ಕಿಂತ ಮೊದಲು ಕಥೆ ಹೇಳಿ, ಹಾಡಿಸಿ, ಪದಗಳನ್ನು ಕಿವಿಗೆ ತುಂಬಬೇಕು. ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ದಕ್ಷಿಣ ಕನ್ನಡವನ್ನು ಸುತ್ತಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಪದ್ಯ, ಕಥೆ ಬರೆದದ್ದು ಇಂಥ ಬಹುಭಾಷೆಯ ಶಾಲೆಗಳನ್ನು ಕಣ್ಣಾರೆ ಕಂಡ ಮೇಲೆ.

ಈಗ ನಮ್ಮ ದೇಶದಲ್ಲಿ ನಡೆದ ಪ್ರಯೋಗಗಳಿಗೆ ಬರುತ್ತೇನೆ. ಓದಿನ ಪರಿಹಾರ ಬೋಧನೆಯನ್ನು ಇಷ್ಟು ದೀರ್ಘಕಾಲ, ಇಷ್ಟು ಬಗೆಯಲ್ಲಿ ಪರೀಕ್ಷಿಸಿ ನೋಡಿದ ದೇಶಗಳು ಕಡಿಮೆ. 1990ರ ದಶಕದ ಮಧ್ಯದಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆಯೂ, ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮೈಕೆಲ್ ಕ್ರೇಮರ್ ಜೊತೆ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಅವರೂ ಕೂಡಿ ಈ ಪರೀಕ್ಷೆಗಳನ್ನು ನಡೆಸಿದರು.

ಮೊದಲನೆಯದು ವಡೋದರ ಮತ್ತು ಮುಂಬಯಿಯ ಮಹಾನಗರ ಪಾಲಿಕೆ ಶಾಲೆಗಳ ‘ಬಾಲಸಖಿ’. ಹತ್ತು, ಹನ್ನೆರಡನೆಯ ತರಗತಿಯವರೆಗೆ ಓದಿದ ಅದೇ ಬಡಾವಣೆಯ ಯುವತಿಯರಿಗೆ ಅಲ್ಪಾವಧಿಯ ತರಬೇತಿ, ಸಣ್ಣ ಗೌರವಧನ. ಶಾಲೆಯ ವೇಳೆಯಲ್ಲೇ ಮೂರು, ನಾಲ್ಕನೆಯ ತರಗತಿಯ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ, ಹದಿನೈದು ಇಪ್ಪತ್ತರ ಗುಂಪಿನಲ್ಲಿ ಅವರು ಹೊರಗೆ ಕರೆದೊಯ್ದು ಕಲಿಸಿದರು. 2001ರಿಂದ 2003ರ ಅವಧಿಯಲ್ಲಿ ಅಳೆದಾಗ ಶಾಲೆಯ ಸರಾಸರಿ ಏರಿತು, ಆ ಏರಿಕೆಯ ಬಹುಭಾಗ ತೀರ ಕೆಳಗಿದ್ದ ಮಕ್ಕಳದಾಗಿತ್ತು. ಅಂದರೆ ಬಿ.ಎಡ್. ಪದವಿ ಇಲ್ಲದ, ನೆರೆಮನೆಯ ಹುಡುಗಿ ಕಲಿಸಬಲ್ಲಳೆಂದು ಸಿದ್ಧವಾಯಿತು. ನೆರವು ನಿಂತು ಒಂದು ವರ್ಷವಾದ ಮೇಲೆ ನೋಡಿದಾಗ ಆ ಲಾಭದಲ್ಲಿ ಬಹುಪಾಲು ಕರಗಿತ್ತು ಎಂಬುದೂ ಅದೇ ಅಧ್ಯಯನದ ಭಾಗ. ಅದನ್ನೂ ಸಮಾನವಾಗಿ ಎತ್ತಿ ಹೇಳಬೇಕು.

ಎರಡನೆಯದು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆ, 2005-06. ನನ್ನ ವಾದಕ್ಕೆ ಅದೇ ತಿರುಳು. 280 ಹಳ್ಳಿಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಕೆಲವು ಹಳ್ಳಿಗಳಲ್ಲಿ ಗ್ರಾಮ ಶಿಕ್ಷಣ ಸಮಿತಿಯ ಅಧಿಕಾರಗಳನ್ನು ಕುರಿತು ಸಭೆ ಸೇರಿಸಿ ತಿಳಿಸಿದರು. ಕೆಲವು ಕಡೆ ಅದರ ಜೊತೆಗೆ ಪೋಷಕರೇ ಮಕ್ಕಳ ಓದನ್ನು ಪರೀಕ್ಷಿಸಿ ವರದಿ ಮಾಡುವಂತೆ ಕಲಿಸಿದರು. ಮತ್ತೆ ಕೆಲವು ಕಡೆ ಇವೆರಡರ ಮೇಲೆ ಊರಿನ ಸ್ವಯಂಸೇವಕರಿಗೆ ತರಬೇತಿ ಕೊಟ್ಟು ಶಾಲೆಯ ನಂತರದ ಓದಿನ ತರಗತಿ ತೆರೆಸಿದರು. ಸಭೆಗಳಿಂದ ಶಾಲೆಯೊಳಗೆ ಏನೂ ಬದಲಾಗಲಿಲ್ಲ. ಓದಿನ ತರಗತಿಗೆ ಬಂದ ಮಕ್ಕಳಲ್ಲಿ ಆದ ಬದಲಾವಣೆ ಮಾತ್ರ ಬೆರಗು ಹುಟ್ಟಿಸುವಂಥದು. ಏನೂ ಓದಲಾರದಿದ್ದ ಮಕ್ಕಳು ಅಕ್ಷರ ಗುರುತಿಸತೊಡಗಿದರು, ಅಕ್ಷರ ಬಲ್ಲವರು ಕಥೆಯತ್ತ ಸಾಗಿದರು. ಆದರೆ ಬಂದವರು ಎಷ್ಟು? ಅಕ್ಷರವೇ ಬಾರದ ಮಕ್ಕಳಲ್ಲಿ ನೂರಕ್ಕೆ ಹದಿಮೂರರಷ್ಟು. ಸಂಜೆಯ ತರಗತಿ ತೆರೆದಿತ್ತು, ಕಲಿಸುವವರು ಇದ್ದರು, ಶುಲ್ಕವಿರಲಿಲ್ಲ. ಯಾರಿಗೆ ಅತ್ಯಗತ್ಯವೋ ಆ ಮಕ್ಕಳಲ್ಲಿ ಬಹುಪಾಲು ಬರಲಿಲ್ಲ. ಸಂಜೆ ಆ ಮಗು ದನ ಹೊಡೆದುಕೊಂಡು ಬರಬೇಕು, ತಮ್ಮನನ್ನು ಎತ್ತಿಕೊಳ್ಳಬೇಕು. ಅದರಲ್ಲೂ ಶಾಲೆಯಲ್ಲಿ ದಿನವಿಡೀ ಸೋತ ಮಗು ಸಂಜೆ ಮತ್ತೊಮ್ಮೆ ಸೋಲಲು ತಾನಾಗಿ ಹೋಗುವುದಿಲ್ಲ.

ಬಿಹಾರದಲ್ಲಿ 2008ರ ಬೇಸಿಗೆಯಲ್ಲಿ ಸರ್ಕಾರಿ ಶಿಕ್ಷಕರೇ ಓದಿನ ಶಿಬಿರ ನಡೆಸಿದರು. ಮಕ್ಕಳು ಕಲಿತರು. ಅದೇ ಸಾಮಗ್ರಿ, ತರಬೇತಿಯನ್ನು ಶಾಲಾ ವರ್ಷದೊಳಕ್ಕೆ ತಂದಾಗ, ಸ್ವಯಂಸೇವಕರ ನೆರವು ಇಲ್ಲದ ಕಡೆ ಫಲ ಕಾಣಲಿಲ್ಲ. ಶಿಕ್ಷಕರ ಕೌಶಲ ಜೂನ್‌ನಿಂದ ಜುಲೈಗೆ ಕಳೆದುಹೋಗುವುದಿಲ್ಲ. ಬದಲಾದದ್ದು ಮೇಲಿನ ಒತ್ತಡ: ಬೇಸಿಗೆಯಲ್ಲಿ ಮುಗಿಸಬೇಕಾದ ಪಾಠಗಳಿರಲಿಲ್ಲ, ಶಾಲೆ ತೆರೆದ ಮೇಲೆ ಇದ್ದವು. ಹರಿಯಾಣದಲ್ಲಿ 2012-13ರಲ್ಲಿ ಈ ಪಾಠವನ್ನು ಅರಿತು ಹೆಜ್ಜೆ ಇಟ್ಟರು. ಶಾಲೆಯ ದಿನದಲ್ಲಿ ಒಂದು ಗಂಟೆಯನ್ನು ಬೇರೆ ತೆಗೆದಿಟ್ಟರು. ಆ ಗಂಟೆಯಲ್ಲಿ ಮೂರರಿಂದ ಐದನೆಯವರೆಗಿನ ಮಕ್ಕಳು ತರಗತಿಯ ಲೆಕ್ಕ ಬಿಟ್ಟು ಓದಿನ ಮಟ್ಟದ ಲೆಕ್ಕದಲ್ಲಿ ಕೂರುತ್ತಿದ್ದರು. ಕಲಿಸುತ್ತಿದ್ದವರು ಅಲ್ಲಿನ ಶಿಕ್ಷಕರೇ. ನಮ್ಮ ಸಿಆರ್‌ಪಿ, ಬಿಆರ್‌ಪಿಗಳಂಥ ಮಾರ್ಗದರ್ಶಕರು ಆ ಗಂಟೆಯಲ್ಲಿ ಶಾಲೆಗೆ ಬಂದು ನೋಡುತ್ತಿದ್ದರು. ಹಿಂದಿ ಓದಿನಲ್ಲಿ ಖಚಿತವಾದ ಏರಿಕೆ ದಾಖಲಾಯಿತು.

ಈ ನಾಲ್ಕು ಅನುಭವಗಳನ್ನು ಒಟ್ಟಿಗೆ ಓದಿದಾಗ ವಿಧಾನದ ಜಗಳಗಳು ಹಿಂದೆ ಸರಿದು ಗಂಟೆಯ ಪ್ರಶ್ನೆ ಮುಂದೆ ನಿಲ್ಲುತ್ತದೆ. ಯಾವ ಹೊತ್ತು ಯಾರದು? ಮಗು ಹೇಗೂ ಶಾಲೆಯಲ್ಲಿ ಇರುವ ಹೊತ್ತಿನಲ್ಲಿ, ಪಠ್ಯ ಮುಗಿಸುವ ಹೊಣೆಯಿಂದ ಬಿಡುಗಡೆಯಾದ, ಇಲಾಖೆ ಒಪ್ಪಿ ತಪಾಸಣೆ ಮಾಡುವ ಒಂದು ಗಂಟೆ.

ಆ ಗಂಟೆಯಲ್ಲಿ ಕಲಿಸುವವರು ಯಾರು? ಮಕ್ಕಳು ಒಬ್ಬರಿಗೊಬ್ಬರು ಕಲಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. 1623ರಲ್ಲಿ ಇಕ್ಕೇರಿಗೆ ಹೊರಟಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಘಟ್ಟದ ಮೇಲಿನ ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಗುರುವಿಲ್ಲದ ಹೊತ್ತಿನಲ್ಲಿ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಒಬ್ಬ ರಾಗವಾಗಿ ಹೇಳುತ್ತ ನೆಲಕ್ಕೆ ಹರಡಿದ ನುಣ್ಣನೆಯ ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದ, ಉಳಿದವರು ಹಾಗೆಯೇ ಹೇಳಿ ಬರೆಯುತ್ತಿದ್ದರು. ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದಾಗ, ನಾಲ್ವರೂ ಒಂದೇ ಜಾಗವನ್ನು ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರಿಸಿದರಂತೆ. ಹದಿನೆಂಟನೆಯ ಶತಮಾನದ ಕೊನೆಗೆ ಮದರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಇಲ್ಲಿನ ಶಾಲೆಗಳ ಮರಳ ಬರವಣಿಗೆಯನ್ನು ಕಂಡು ತನ್ನ ಶಾಲೆಗೆ ತಂದುಕೊಂಡ; ದೊಡ್ಡ ಹುಡುಗರಿಂದ ಚಿಕ್ಕವರಿಗೆ ಕಲಿಸುವ ಆ ಪದ್ಧತಿಯನ್ನು ಕುರಿತು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ. ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹಬ್ಬಿತು. ಅಲ್ಲಿ ನೂರಾರು ಮಕ್ಕಳ ದೊಡ್ಡ ಕೋಣೆಯಲ್ಲಿ ಅದು ಯಾಂತ್ರಿಕವಾದ ಒಪ್ಪಿಸುವಿಕೆಗೆ ಇಳಿದದ್ದೂ ಚರಿತ್ರೆಯೇ. ಸಹಪಾಠಿ ತಿದ್ದಬಲ್ಲ, ಜೊತೆ ಕೊಡಬಲ್ಲ. ಗೆಳೆಯನಿಗೆ ‘ಕೊ’ ಯಾಕೆ ಬರುತ್ತಿಲ್ಲ ಎಂದು ಅರಿಯುವುದು ಹಿರಿಯರ ಕೆಲಸ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳಿಂದ ಪ್ರೇರಣೆ ಪಡೆದು ಕಟ್ಟಿದ ‘ನಲಿ-ಕಲಿ’ ಸಹಪಾಠಿಯ ಜೊತೆ, ಹಿರಿಯರ ಮಾರ್ಗದರ್ಶನ ಈ ಎರಡನ್ನೂ ಜೋಡಿಸಿತ್ತು. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಏರುತ್ತದೆ. ಯಾವ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕೂರುತ್ತದೆ ಎಂಬುದರ ಮೇಲೆ ಶಿಕ್ಷಕರ ಪೂರ್ಣ ನೆರವೋ, ಸಹಪಾಠಿಯ ನೆರವೋ, ಸ್ವಕಲಿಕೆಯೋ ನಿರ್ಧಾರವಾಗುತ್ತದೆ. ಅಕ್ಷರಗಳ ಕ್ರಮವನ್ನೂ ಅದು ಬದಲಿಸಿತು. ರ, ಗ, ಸ, ದ, ಅ ಎಂದು ಆರಂಭಿಸಿದರೆ ಐದು ಅಕ್ಷರ ಕಲಿಯುವಷ್ಟರಲ್ಲಿ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ; ಓದಿದ್ದಕ್ಕೆ ಅರ್ಥವಿದೆ ಎಂಬ ಅನುಭವ ಮೊದಲ ವಾರಗಳಲ್ಲೇ ಸಿಗುತ್ತದೆ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಅದು ವಿಸ್ತರಿಸಿತು. ನಲಿ-ಕಲಿಯ ಆಚರಣೆಯಲ್ಲಿ ಕುಂದುಗಳಿವೆ, ಕಲಿಕೆಯ ಕಾರ್ಡುಗಳು ಹಳತಾದವು, ಮಕ್ಕಳು ಕಡಿಮೆಯಾದ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಎಲ್ಲ ತಟ್ಟೆಗಳನ್ನು ನೋಡಬೇಕಾಯಿತು. ಅದರ ತತ್ತ್ವ ಮಾತ್ರ ಇವತ್ತಿಗೂ ಸರಿ. ನನ್ನ ಆಕ್ಷೇಪ ಇರುವುದು ಏಣಿ ಮೂರನೆಯ ತರಗತಿಗೆ ನಿಂತುಹೋಗುವುದರ ಬಗ್ಗೆ. ಮಾರ್ಚ್‌ನಲ್ಲಿ ಏಣಿಯ ಅರ್ಧದಲ್ಲಿದ್ದ ಮಗುವಿಗೆ ಜೂನ್‌ನಲ್ಲಿ ನಾಲ್ಕನೆಯ ತರಗತಿಯ ಪಠ್ಯಪುಸ್ತಕ ಕೈಗೆ ಬರುತ್ತದೆ, ಏಣಿ ಹಿಂದಿನ ಕೋಣೆಯ ಗೋಡೆಯಲ್ಲೇ ಉಳಿಯುತ್ತದೆ. ಕನ್ನಡದ ಅಕ್ಷರಕಲಿಕೆ ಸಹಜವಾಗಿಯೇ ನಾಲ್ಕನೆಯ ತರಗತಿಗೆ ಚಾಚುತ್ತದೆಂದು ಸಂಶೋಧನೆ ಹೇಳುವಾಗ ಇದಕ್ಕೆ ಸಮರ್ಥನೆ ಇಲ್ಲ.

ನಾಲ್ಕು, ಐದನೆಯ ತರಗತಿಯವರಿಗಾಗಿ ಇಲಾಖೆ ಪ್ರಥಮ್ ನೆರವಿನಿಂದ ‘ಓದು ಕರ್ನಾಟಕ’ ನಡೆಸಿತು. ಕೋವಿಡ್ ನಂತರ 2022-23ನ್ನು ‘ಕಲಿಕಾ ಚೇತರಿಕೆ’ಯ ವರ್ಷವಾಗಿಸಿತು. ಎರಡೂ ಸರಿಯಾದ ದಿಕ್ಕಿನ ಹೆಜ್ಜೆಗಳು. ಆದರೆ ಅಭಿಯಾನಕ್ಕೆ ಅವಧಿ ಇರುತ್ತದೆ, ಹಿಂದೆ ಬೀಳುವ ಮಕ್ಕಳು ಪ್ರತಿ ಜೂನ್‌ನಲ್ಲೂ ಇರುತ್ತಾರೆ.

ಆ ಒಂದು ಗಂಟೆಯೊಳಗೆ ನಡೆಯಬೇಕಾದದ್ದು ಬಹಳ ಸರಳ. ನಿನ್ನೆ ಓದಿದ್ದನ್ನು ಮಗು ಮತ್ತೊಮ್ಮೆ ಓದಲಿ. ಓಘ ಬರುವುದು ಮರು ಓದಿನಿಂದ. ಓಘದ ಮಾತು ಕನ್ನಡಕ್ಕೆ ವಿಶೇಷವಾಗಿ ಸಲ್ಲುತ್ತದೆ. ನಮ್ಮ ಪದಗಳು ಉದ್ದ, ಕ್ರಿಯಾಪದ ವಾಕ್ಯದ ಕೊನೆಗೆ. ‘ಮನೆಯವರೊಂದಿಗೆ’ ಎಂಬುದನ್ನು ಒಂದೊಂದೇ ಅಕ್ಷರ ಕೂಡಿಸಿ ದಾಟಿ ‘ಹೋಗುತ್ತಿದ್ದಾಗ’ಕ್ಕೆ ಬರುವಷ್ಟರಲ್ಲಿ ಯಾರು ಹೋಗುತ್ತಿದ್ದರೆಂದು ಮಗು ಮರೆತಿರುತ್ತದೆ. ಹಾಗೆ ಓದಿದ ಮಗುವಿಗೆ ಅರ್ಥ ಕೇಳಿದರೆ ಮೌನ. ಶಿಕ್ಷಕರು ಅದನ್ನು ಬುದ್ಧಿಯ ಕೊರತೆಯೆಂದು ತಿಳಿಯುತ್ತಾರೆ. ಮರು ಓದಿನ ನಂತರ ಒಂದು ಕಾಗುಣಿತ ಚಿಹ್ನೆ ಅಥವಾ ಒಂದು ಒತ್ತು, ಅದನ್ನು ಕೇಳಿ, ಕಟ್ಟಿ, ಬರೆದು ಕಲಿಯುವುದು. ಅದೇ ಚಿಹ್ನೆ ಮತ್ತೆಮತ್ತೆ ಬರುವ ಹೊಸ ನಾಲ್ಕು ಸಾಲು. ಮಗು ತಡವರಿಸಿದಾಗ ಕಲಿಸುವವರು ಕೆಲವು ಕ್ಷಣ ಕಾಯಬೇಕು, ಪದವನ್ನು ತಟ್ಟನೆ ಹೇಳಿಬಿಡಬಾರದು. ಕೊನೆಗೆ ಹಿರಿಯರು ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅದು ಮಗುವಿನ ಓದಿನ ಮಟ್ಟಕ್ಕಿಂತ ಎತ್ತರದ ಕಥೆಯಾಗಿರಲಿ. ಹತ್ತು ವರ್ಷದ ಮಗುವಿನ ಕುತೂಹಲ ‘ಸರ, ಅರಸ’ದ ಮಟ್ಟದ್ದಲ್ಲ.

ಮೂರು ಆಕ್ಷೇಪಗಳನ್ನು ಕೇಳಿದ್ದೇನೆ. ಹೀಗೆ ಬೇರೆ ಕೂರಿಸಿದರೆ ಮಕ್ಕಳಿಗೆ ‘ದಡ್ಡರ ಗುಂಪು’ ಎಂಬ ಮುದ್ರೆ ಬೀಳುತ್ತದೆ ಎಂಬುದು ಒಂದು. ಕೆಲವರನ್ನು ಮಾತ್ರ ಎಬ್ಬಿಸಿ ಹೊರಗೆ ಕಳಿಸಿದರೆ ಖಂಡಿತ ಬೀಳುತ್ತದೆ. ಹರಿಯಾಣದಂತೆ ಆ ಗಂಟೆಯಲ್ಲಿ ಎಲ್ಲ ಮಕ್ಕಳೂ ಜಾಗ ಬದಲಿಸಿದರೆ, ತಿಂಗಳಿಗೊಮ್ಮೆ ಓದಿಸಿ ನೋಡಿ ಮೇಲಿನ ಗುಂಪಿಗೆ ಕಳಿಸುತ್ತಿದ್ದರೆ, ಮುದ್ರೆ ನಿಲ್ಲುವುದಿಲ್ಲ. ಓದಲಾರದೆ ವರ್ಷವಿಡೀ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುವುದಕ್ಕಿಂತ ದೊಡ್ಡ ಮುದ್ರೆ ಯಾವುದು? ಪಠ್ಯ ಹಿಂದುಳಿಯುತ್ತದೆ ಎಂಬುದು ಎರಡನೆಯದು. ಓದಲು ಬಾರದ ಮಗುವಿಗೆ ಪರಿಸರ ಅಧ್ಯಯನದ ಪುಸ್ತಕವೂ ಮುಚ್ಚಿದ ಬಾಗಿಲು. ಆ ಗಂಟೆ ಉಳಿದ ಗಂಟೆಗಳನ್ನು ಸಾರ್ಥಕಗೊಳಿಸುತ್ತದೆ. ಮೂರನೆಯದು ಶಿಕ್ಷಕರ ಹೊರೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಐದು ತರಗತಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಗೆ ಇನ್ನೊಬ್ಬರ ಕೈ ಬೇಕು. ರಾಷ್ಟ್ರೀಯ ಶಿಕ್ಷಣ ನೀತಿ 2020 ಸ್ವಯಂಸೇವಕರನ್ನು ಕರೆಯುತ್ತದೆ. ಅವರು ಬರಲಿ, ಆದರೆ ಪ್ರತಿದಿನದ ಕೆಲಸವನ್ನು ಪುಕ್ಕಟೆ ದುಡಿಮೆಯ ಮೇಲೆ ನಿಲ್ಲಿಸುವುದು ತಪ್ಪು. ಊರಿನ ಪಿಯುಸಿ, ಪದವಿ ಓದಿದ ಹೆಣ್ಣುಮಕ್ಕಳನ್ನು ಗೌರವಧನ ಕೊಟ್ಟು ನೇಮಿಸಿ, ಶಿಕ್ಷಕರ ಮಾರ್ಗದರ್ಶನದಲ್ಲಿ ಕೂರಿಸಬೇಕು. ಇಂದು ಶಾಲೆಗಳ ವಿಶೇಷ ತರಗತಿಗಳ ಶಕ್ತಿಯೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮುಡಿಪಾಗಿದೆ. ಹತ್ತನೆಯ ತರಗತಿಯಲ್ಲಿ ಬೆಳಿಗ್ಗೆ ಸಂಜೆ ನಡೆಸುವ ಆ ಹೋರಾಟದ ಒಂದು ಪಾಲನ್ನು ನಾಲ್ಕನೆಯ ತರಗತಿಗೆ ತಂದರೆ ಮುಂದಿನ ಸಂಕಟ ಎಷ್ಟೋ ತಗ್ಗುತ್ತದೆ.

ಬಾಲಸಖಿಯ ಲಾಭ ಕರಗಿದ್ದೇಕೆ ಎಂಬುದಕ್ಕೆ ನನ್ನ ಉತ್ತರ, ಓದಲು ಕಲಿತ ಮಕ್ಕಳಿಗೆ ಓದಲು ಏನೂ ಸಿಗಲಿಲ್ಲ ಎಂಬುದು. ಈ ವಿಷಯದಲ್ಲಿ ಕರ್ನಾಟಕ ಪುಣ್ಯವಂತ. 5,600ರಷ್ಟು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, 2020ರ ‘ಓದುವ ಬೆಳಕು’ ಅಭಿಯಾನದಲ್ಲಿ ಲಕ್ಷಾಂತರ ಮಕ್ಕಳು ಅವುಗಳ ಸದಸ್ಯರಾದರು. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಅಗ್ಗದ ಕನ್ನಡ ಪುಸ್ತಕಗಳನ್ನು ತರುತ್ತಿದೆ. ಶಾಲೆಯ ಗಂಟೆಯಲ್ಲಿ ಒಂದು ಒತ್ತು ಕಲಿತ ಮಗುವಿಗೆ ಆ ಒತ್ತಿರುವ ತೆಳ್ಳನೆಯ ಪುಸ್ತಕ ಅದೇ ವಾರ ಗ್ರಂಥಾಲಯದಲ್ಲಿ ಸಿಗುವಂತೆ ಶಿಕ್ಷಕರೂ ಮೇಲ್ವಿಚಾರಕರೂ ಮಾತಾಡಿಕೊಳ್ಳಬೇಕು. ಇದಕ್ಕೆ ಹೊಸ ಯೋಜನೆ ಬೇಕಿಲ್ಲ.

ಇನ್ನೊಂದು ಗುಂಪಿನ ಮಕ್ಕಳು ಯಾವ ವೇಳಾಪಟ್ಟಿಗೂ ಸಿಗುವುದಿಲ್ಲ. ಕಲ್ಯಾಣ ಕರ್ನಾಟಕದಿಂದ, ವಿಜಯಪುರದ ಕಡೆಯಿಂದ ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಮಕ್ಕಳು. ಇವರ ಓದು ವರ್ಷಕ್ಕೊಮ್ಮೆ ಅರ್ಧಕ್ಕೆ ಕಡಿಯುತ್ತದೆ. ಮಗು ಶಾಲೆ ಬದಲಿಸಿದಾಗ ಕೊಡುವ ವರ್ಗಾವಣೆ ಪತ್ರದಲ್ಲಿ ಹುಟ್ಟಿದ ತಾರೀಖು, ಜಾತಿ, ತಂದೆತಾಯಿಯ ಹೆಸರು, ಓದುತ್ತಿದ್ದ ತರಗತಿ ಎಲ್ಲ ಇರುತ್ತದೆ. ಮಗು ಏನನ್ನು ಓದಬಲ್ಲದು ಎಂಬುದೊಂದೇ ಇರುವುದಿಲ್ಲ. ಅಕ್ಷರವೋ, ಪದವೋ, ವಾಕ್ಯವೋ, ಕಥೆಯೋ, ಕಲಿಯಬೇಕಾದ ಒತ್ತು ಯಾವುದು ಎಂದು ಆ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ, ಹೊಸ ಊರಿನ ಶಿಕ್ಷಕಿ ಮೊದಲ ದಿನವೇ ಮುಂದಿನ ಮೆಟ್ಟಿಲಿನಿಂದ ಆರಂಭಿಸಬಹುದು. ಅದೇ ಸಾಲನ್ನು ವರ್ಷದ ಕೊನೆಯ ‘ಸಮುದಾಯದತ್ತ ಶಾಲೆ’ಯ ದಿನ ಪ್ರತಿ ಪೋಷಕರಿಗೂ ಓದಿ ಹೇಳಬೇಕು, ಅವರ ಎದುರಿಗೇ ಮಗುವಿನಿಂದ ಹಿಂದೆ ಕಾಣದ ಒಂದು ಪುಟವನ್ನು ಓದಿಸಬೇಕು. ಓದು ಬಂದಿಲ್ಲವೆಂದು ಕಂಡ ತಾಯಿಗೆ, ಜೂನ್‌ನಲ್ಲಿ ಶಾಲೆ ತೆರೆದಾಗ ತನ್ನ ಮಗುವಿನ ಗಂಟೆ ಯಾವುದು, ಕಲಿಸುವವರು ಯಾರು ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳುವ ಹಕ್ಕು ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಂನಿಂದ ಈಗಾಗಲೇ ಬಂದಿದೆ.